ಬೆನ್‌ಗೆ ‘ಸಾಕು’ ಅಂದವರು ಯಾರು?

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಾನು ಸುಮ್ಮನೆ ಎದ್ದು ಅಡಿಗೆಮನೆಗೆ ಹೋಗುವವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ದೇವರನ್ನು ನಂಬಿ ಎನ್ನುತ್ತಿದ್ದರೇ ಹೊರತು ಹುಣಸೆಮರಕ್ಕೆ ಹೆದರಿ ಎನ್ನುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯವರ ಮನೆಯ ವಿಭೂತಿ, ಪೂಜೆ, ಸೋಮವಾರದ ಒಪ್ಪೊತ್ತು ಎಲ್ಲವನ್ನೂ ಮನಸಾರೆ ಕಲಿತೆ. ಸತ್ತವರು ಬಂದರು, ಕರೆದರು ಎಂಬ ಕಥೆಗಳಿಗೆ ಮಾತ್ರ ಕಿವಿಗೊಡಲಿಲ್ಲ. ಈಗ ಬರೆಯುತ್ತಿರುವುದನ್ನು ನೀವೂ ನಂಬಬೇಕೆಂದಿಲ್ಲ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ಪಾತ್ರೆ ತೊಳೆಯುವ ನೆವ ಮಾಡಿಕೊಂಡು ಒಳಗೆ ಹೋಗಿರುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮವರಿಗೆ ದಾಂಡೇಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಹಳಿಯಾಳದ ರಸ್ತೆಯ ಕಡೆಗೆ, ಊರು ಮುಗಿಯುವಲ್ಲಿ ಬಾಡಿಗೆಮನೆ. ದಿನವಿಡೀ ಬಿದಿರು ತುಂಬಿದ ಲಾರಿಗಳು ಮುಂದೆ ಹಾದುಹೋಗುತ್ತಿದ್ದವು. ಎಷ್ಟು ಸಲ ಒರೆಸಿದರೂ ಕಿಟಕಿಯ ಸರಳಿನ ಮೇಲೆ ಕೆಂಪು ಧೂಳು. ಮನೆಯಲ್ಲಿ ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಅತ್ತೆಯವರು. ಆಮೇಲೆ ಬೆನ್.

ಬೆನ್ ನಾವು ಬಯಸಿ ತಂದ ನಾಯಿಯಲ್ಲ. ನಮ್ಮವರ ಮೇಲಿನ ಎಂಜಿನಿಯರ್ ಸ್ಕಾಟ್ಲೆಂಡಿನವರು. ಅವರ ಹೆಂಡತಿಗೆ ಆ ಊರಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಲು ಸಿಕ್ಕ ಹೆಂಗಸು ನಾನೊಬ್ಬಳೇ. ಅವರು ತಮ್ಮ ದೇಶಕ್ಕೆ ಮರಳುವಾಗ ನಾಯಿಯನ್ನೂ, ಅದರ ಬಾಚಣಿಕೆಯನ್ನೂ ನನ್ನ ಕೈಗೆ ಕೊಟ್ಟು ಕಣ್ಣೊರೆಸಿಕೊಂಡರು. ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕಪ್ಪು ಮೈ, ಬಿಳಿ ಎದೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಅವರ ಕಡೆ ಗುಡ್ಡದ ಮೇಲೆ ಕುರಿ ಕಾಯುವ ಜಾತಿಯಂತೆ. ಇದಕ್ಕೆ ಕೆಲಸ ಕೊಡಬೇಕು, ಇಲ್ಲದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ ಎಂದು ಆಕೆ ಹೇಳಿದ್ದರು. ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ.

ಒಂದು ವಾರದಲ್ಲಿ ತಿಳಿಯಿತು. ಮುಂಜಾನೆ ಬೆಳಕು ಹರಿಯುವ ಮೊದಲೇ ಅದನ್ನು ಕಾಳಿ ಹೊಳೆಯ ದಂಡೆಗೆ ಓಡಾಡಿಸಿ ತರಬೇಕು. ಬಂದು ನಾನು ಒಲೆ ಹೊತ್ತಿಸುವಷ್ಟರಲ್ಲಿ ಅದು ಮತ್ತೆ ಸಿದ್ಧ. ಯಾರೂ ಗಮನಿಸದಿದ್ದರೆ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಸುತ್ತುತ್ತಿತ್ತು. ಅಲ್ಲಿ ಬಳೆಯಂತೆ ಒಂದು ಹಾದಿಯೇ ಬಿದ್ದಿತ್ತು. ಮಳೆಗಾಲದಲ್ಲಿ ಉಣ್ಣಿ ಕೀಳಬೇಕು, ಬೇಸಿಗೆಯಲ್ಲಿ ಒದ್ದೆ ಗೋಣಿಚೀಲ ಹಾಸಬೇಕು, ಬಾಚಿದರೆ ಒಂದು ತಲೆದಿಂಬಿಗಾಗುವಷ್ಟು ಕೂದಲು. ನಮ್ಮ ಮನೆಯಲ್ಲಿ ಮಾಂಸವಿಲ್ಲ, ಅದಕ್ಕೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಪಕ್ಕದ ಮನೆಯ ಲಾರಿ ಮಿಸ್ತ್ರಿ ಖಾದರಸಾಬರ ಹೆಂಡತಿ ಬೇಲಿಯ ಆಚೆ ಅದಕ್ಕೆ ಎಲುಬು ಹಾಕುತ್ತಾರೆಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

ಕುರಿಯಿಲ್ಲದ ಊರಿನಲ್ಲಿ ಬೆನ್ ಸಿಕ್ಕದ್ದನ್ನೆಲ್ಲ ಕೂಡಿಸುತ್ತಿತ್ತು. ಖಾದರಸಾಬರ ಕೋಳಿಗಳನ್ನು ಒಂದು ಮೂಲೆಗೆ ಒತ್ತರಿಸಿ ಎದುರಿಗೆ ಹೊಟ್ಟೆ ನೆಲಕ್ಕೆ ಹಚ್ಚಿ ದಿಟ್ಟಿಸಿ ಕೂಡುತ್ತಿತ್ತು. ಒಂದನ್ನೂ ಕಚ್ಚಿದ್ದಿಲ್ಲ. ನಾನು ನಾಚಿಕೆಯಿಂದ ಹೋಗಿ ಕ್ಷಮೆ ಕೇಳಿದರೆ ಖಾದರಸಾಬರು ಎಣ್ಣೆಗೈ ಒರೆಸುತ್ತ, “ಇರ್ಲಿ ಬಿಡ್ರಿ ಅಕ್ಕಾರ. ನಿಮ್ಮ ಬೆನ್ಯಾ ನಮ್ಮ ಕೋಳಿಗೆ ಕವಾಯತು ಕಲಿಸಾಕ್ಹತ್ಯಾನ. ಇನ್ನ ತತ್ತಿನೂ ಸಾಲಾಗಿ ಇಡ್ತಾವ ನೋಡ್ರಿ” ಎಂದಿದ್ದರು.

ಸಂಜೆಯಾದರೆ ಅದರ ದೊಡ್ಡ ಕೆಲಸ. ಮನೆಯವರೆಲ್ಲ ಒಳಗೆ ಬರಬೇಕು. ರಸ್ತೆಯಲ್ಲಿ ಆಡುವ ಮಕ್ಕಳನ್ನು ಹಿಂದಿನಿಂದ ಎಡಕ್ಕೆ ಬಲಕ್ಕೆ ಸುಳಿದು ಗೇಟಿನೊಳಗೆ ತಂದುಬಿಡುತ್ತಿತ್ತು. ಒಬ್ಬರನ್ನು ತರುವಾಗ ಅದರ ಸುಳಿದಾಟ ಕಿರಿದು, ಬೆನ್ನ ಹಿಂದೆಯೇ. ಇಬ್ಬರನ್ನು ತರುವಾಗ ಹಾಗಲ್ಲ. ಒಬ್ಬಳ ಹೊರಮಗ್ಗುಲಿನಿಂದ ಹೊರಟು, ಇಬ್ಬರ ಹಿಂದೆಯೂ ಬಿಲ್ಲಿನಂತೆ ಬಾಗಿ ಓಡಿ, ಇನ್ನೊಬ್ಬಳ ಹೊರಮಗ್ಗುಲಿಗೆ ಬರುತ್ತಿತ್ತು, ನಡುವೆ ಸಂದು ಉಳಿಯದ ಹಾಗೆ. ಎಲ್ಲರೂ ಹೊಸ್ತಿಲು ದಾಟಿದ ಮೇಲೆ ನನ್ನ ಮುಖ ನೋಡುತ್ತ ನಿಲ್ಲುತ್ತಿತ್ತು. ನಾನು “ಸಾಕು” ಎನ್ನಬೇಕು. ದೊರೆಸಾನಿ ಕಲಿಸಿದ್ದ ಇಂಗ್ಲಿಷ್ ಮಾತಿನ ಬದಲು ನಾನು ಅದಕ್ಕೆ ಈ ಮಾತು ರೂಢಿ ಮಾಡಿಸಿದ್ದೆ. ನಮ್ಮವರು ಹೇಳಿದರೆ ಕೇಳುತ್ತಿರಲಿಲ್ಲ, ಮಕ್ಕಳು ನನ್ನ ದನಿ ಅಣಕಿಸಿ ಹೇಳಿದರೂ ಇಲ್ಲ. ನನ್ನ ಬಾಯಿಂದ ಬಂದರೆ ಮಾತ್ರ ಹೊಸ್ತಿಲಿಗೆ ಅಡ್ಡವಾಗಿ ಮಲಗುತ್ತಿತ್ತು. “ಬೆನ್ಯಾ ಮಕ್ಕೊಂಡಾನಂದ್ರ ಎಲ್ಲಾರೂ ಒಳಗದೀವಿ ಅಂತ ಲೆಕ್ಕ” ಎಂದು ನಮ್ಮವರು ತಮಾಷೆಗೆ ಅನ್ನುತ್ತಿದ್ದುದು ನಿಧಾನಕ್ಕೆ ಮನೆಯ ನಿಯಮವಾಯಿತು. ನಾನು ಎದ್ದು ನೋಡುವುದನ್ನೇ ಬಿಟ್ಟೆ. ನಾಯಿಯನ್ನು ನೋಡಿದರೆ ಸಾಕಾಗುತ್ತಿತ್ತು.

ಆ ನಿಯಮದ ಆಸರೆ ನನಗೆ ಬೇಕಾಗಿತ್ತು, ಯಾಕೆಂದರೆ ಅತ್ತೆಯವರಿಗೆ ಮರೆವು ಹತ್ತಿತ್ತು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುವುದರಿಂದ ಶುರುವಾಗಿ, ಮೊಮ್ಮಕ್ಕಳ ಹೆಸರಿಗೆ ಬಂದು, ಕೊನೆಗೆ ತಾವು ಮುದುಕಿಯಾಗಿರುವುದೇ ಮರೆತುಹೋಗಿ, ಹೊಸದಾಗಿ ಬಂದ ಸೊಸೆಯಾಗಿಬಿಟ್ಟರು. ಅವರ ತವರು ಮುಂಡಗೋಡದ ಕಡೆಯ ಚಿಗಳ್ಳಿ. ಅವರ ಲೆಕ್ಕದಲ್ಲಿ ಎಲ್ಲ ತಿಂಗಳೂ ಶ್ರಾವಣ, ನಾಳೆಯೇ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ನಮ್ಮ ಕಡೆ ಕೊಟ್ಟ ಹೆಣ್ಣು ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಬಂದವನಿಗೆ ಈ ಮನೆಯವರು ಉಣ್ಣಲಿಕ್ಕಿಟ್ಟು ಮರ್ಯಾದೆಯಿಂದ ಕಳಿಸಬೇಕು. ಅಷ್ಟು ಮಾತ್ರ ಅತ್ತೆಯವರು ಮರೆತಿರಲಿಲ್ಲ. ದಿನಾ ಹೊತ್ತು ಇಳಿಯುವಾಗ ಸೆರಗು ಸರಿಮಾಡಿಕೊಂಡು ಗೇಟು ದಾಟಿ, ರಸ್ತೆಯ ಮೋರಿಕಟ್ಟೆಯ ಹತ್ತಿರ ಹೋಗಿ ನಿಲ್ಲುವರು.

“ಅಣ್ಣ ಬಂದು ಅಲ್ಲೇ ನಿಂತಾನ ಯವ್ವಾ. ಕರೀಲಾರದ ಒಳಗ ಬರಾಂವಲ್ಲ ಅಂವ” ಎನ್ನುವರು.

ಅವರ ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆಯವರೇ ಹೋಗಿ ಮಣ್ಣು ಕೊಟ್ಟು ಬಂದಿದ್ದರು. ಮೊದಮೊದಲು ನಾನು ಅದನ್ನು ನೆನಪಿಸುತ್ತಿದ್ದೆ. ಪ್ರತಿ ಸಲವೂ ಅವರು ಆಗಷ್ಟೇ ಸುದ್ದಿ ಕೇಳಿದವರಂತೆ ಅಳುವುದನ್ನು ಕಂಡು ಬಿಟ್ಟುಬಿಟ್ಟೆ. ಆಮೇಲೆ ನನ್ನದು ಒಂದೇ ಮಾತು: “ನಾಳೆ ಹೋಗೂಣು ಬರ್ರಿ ಅತ್ತಿ, ಇವತ್ತ ಹೊತ್ತಾತು.” ಈ ಮಾತನ್ನು ಎಷ್ಟು ಸಂಜೆ ಹೇಳಿದೆನೋ. ಕೆಲವೊಮ್ಮೆ ನಿದ್ದೆಯಲ್ಲೂ ಅದೇ ಅನ್ನುತ್ತಿದ್ದೆನಂತೆ.

ಬೆನ್‌ಗೆ ಅವರೇ ನಿಜವಾದ ಕೆಲಸವಾದರು. ಅವರು ಗೇಟು ದಾಟಿದೊಡನೆ ಎಲ್ಲಿದ್ದರೂ ಜಿಗಿದೇಳುತ್ತಿತ್ತು. ಮೋರಿಯವರೆಗೆ ಹೋಗಿ, ಸುತ್ತು ಹಾಕಿ, ಸೀರೆಯ ಅಂಚಿಗೆ ಮೂತಿ ತಾಗಿಸಿ ತಿರುಗಿಸುತ್ತಿತ್ತು. “ನಾ ಏನ್ ಕುರಿ ಏನೋ ಬೆನ್ಯಾ, ನನ್ನ ಹೊಡಕೊಂಡ ಹೊಂಟೀದಿ?” ಎಂದು ಬಯ್ಯುತ್ತಲೇ ಅವರು ಬರುವರು. ನನ್ನ ಮಾತಿಗಿಂತ ಅದರ ಮಾತು ಅವರಿಗೆ ಹೆಚ್ಚು ತಿಳಿಯುತ್ತಿತ್ತೇನೋ. ಹೀಗೆ ಒಬ್ಬರನ್ನು ಇನ್ನೊಬ್ಬರು ಕಾಯ್ದರು, ಇಬ್ಬರ ಹಿಂದೆಯೂ ನಾನು. ದಣಿವು ಎಂದರೆ ಏನೆಂದು ಆ ವರ್ಷಗಳಲ್ಲಿ ಗೊತ್ತಾಯಿತು. ಅದು ನೋವಲ್ಲ. ಬೆಳಿಗ್ಗೆ ಬಳೆ ತೊಡುವಾಗಲೇ ಕೈ ಭಾರವೆನಿಸುವುದು, ಅಷ್ಟೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಸಂಜೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಬೆನ್ ಓಡಿದ ಸಪ್ಪಳ ಕೇಳಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಮೋರಿಕಟ್ಟೆಯ ಕಡೆಯಿಂದ ಅತ್ತೆಯವರು ಬರುತ್ತಿದ್ದರು. ಆದರೆ ಬೆನ್ ಅವರ ಬೆನ್ನ ಹಿಂದೆ ಕಿರಿದಾಗಿ ಸುಳಿಯುತ್ತಿರಲಿಲ್ಲ. ಅವರ ಬಲಮಗ್ಗುಲಿನಿಂದ ಹೊರಟು, ಹಿಂದೆ ಬಿಲ್ಲಿನಂತೆ ಬಾಗಿ, ಅವರಿಗಿಂತ ನಾಲ್ಕು ಮಾರು ಆಚೆ, ರಸ್ತೆಯ ನಡುವಿನವರೆಗೆ ಓಡಿ ನಿಲ್ಲುತ್ತಿತ್ತು. ಮತ್ತೆ ಹಾಗೆಯೇ ಹಿಂದಕ್ಕೆ. ನನ್ನ ಇಬ್ಬರು ಮಕ್ಕಳನ್ನು ತರುವಾಗ ಹೇಗೋ ಹಾಗೆ. ಮಕ್ಕಳಾಗಲೇ ಒಳಗೆ ದೀಪದ ಮುಂದೆ ಕೂತಿದ್ದರು.

ಅತ್ತೆಯವರ ಎಡಕ್ಕೆ ಯಾರೂ ಇರಲಿಲ್ಲ. ಇದನ್ನು ಚೆನ್ನಾಗಿ ನೋಡಿ ಹೇಳುತ್ತಿದ್ದೇನೆ. ಇನ್ನೂ ಬೆಳಕಿತ್ತು, ಆಚೆ ಬದಿಯ ತೇಗದ ಎಲೆಗಳೂ ಕಾಣುತ್ತಿದ್ದವು. ಒಂದು ಕಡೆ ಬೆನ್ ತಟ್ಟನೆ ಹೊಟ್ಟೆ ನೆಲಕ್ಕಿಳಿಸಿ, ಆ ಖಾಲಿ ಜಾಗವನ್ನು ದಿಟ್ಟಿಸಿತು. ಬರಲೊಲ್ಲದೆ ನಿಂತವರನ್ನು ದಿಟ್ಟಿಸುವ ಹಾಗೆ. ಅತ್ತೆಯವರೂ ನಿಂತು ಅತ್ತ ತಿರುಗಿ ಏನೋ ಅಂದರು. ಆಮೇಲೆ ಇಬ್ಬರೂ, ಎಂದರೆ ಅವರು ಮತ್ತು ಬೆನ್, ಮುಂದೆ ಬಂದರು. ನಮ್ಮ ಗೇಟು ಇಕ್ಕಟ್ಟು, ಒಬ್ಬರೇ ಹಾಯಬೇಕು. ಅತ್ತೆಯವರು ಒಳಗೆ ಬಂದರು. ಬೆನ್ ಅವರ ಬೆನ್ನಿಗೇ ನುಗ್ಗಲಿಲ್ಲ. ಒಬ್ಬರು ದಾಟುವಷ್ಟು ಹೊತ್ತು ಹೊರಗೇ ನಿಂತು, ಆಮೇಲೆ ಬಂತು.

ನಾನು ಹೊಸ್ತಿಲಲ್ಲಿ ಸರಿದು ನಿಂತೆ. ಅತ್ತೆಯವರು ಕಾಲು ತೊಳೆದು ಒಳಗೆ ಹೋದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಬೆನ್ ನನ್ನ ಮುಖ ನೋಡಲೇ ಇಲ್ಲ. ಅದು ಮೇಲಕ್ಕೆ, ನನ್ನ ಭುಜದ ಪಕ್ಕದ ಗಾಳಿಯಲ್ಲಿ, ಎತ್ತರದ ಗಂಡಸಿನ ಮುಖವಿರುವಷ್ಟು ಮೇಲೆ ನೋಡಿತು. ಮಡಚಿದ ಕಿವಿ ಹಿಂದಕ್ಕೆ ಹೋಯಿತು, ಬಾಲದ ತುದಿ ಎರಡು ಸಲ ಅಲ್ಲಾಡಿತು. ಆಮೇಲೆ, ಅಪ್ಪಣೆ ಕಿವಿಗೆ ಬಿದ್ದಂತೆ, ಹೊಸ್ತಿಲಿಗೆ ಅಡ್ಡ ಮಲಗಿ ಮೂತಿಯನ್ನು ಮುಂಗಾಲ ಮೇಲಿಟ್ಟಿತು.

ನನಗೆ ಆಗ ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮುಂಗುಸಿಯೋ ಏನೋ ರಸ್ತೆ ದಾಟಿರಬೇಕು ಅಂದುಕೊಂಡು ಒಳಗೆ ಹೋದೆ.

ಊಟಕ್ಕೆ ಕೂತಾಗ ಅತ್ತೆಯವರು ತಮ್ಮ ಪಕ್ಕದ ಮಣೆ ತೋರಿಸಿ ಮೆಲ್ಲಗೆ, “ಅಣ್ಣಗ ತಾಟ ಹಾಕವಾ. ಹಾದಿ ನಡದು ದಣದಾನ” ಅಂದರು. ನಮ್ಮವರು ತಲೆ ಎತ್ತಿ ನನ್ನನ್ನು ನೋಡಿದರು. ಇಲ್ಲವೆಂದರೆ ರಾತ್ರಿಯಿಡೀ ಅಳು. ನಾನು ಒಂದು ತಾಟು ಇಟ್ಟೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೇಲೆ ಒಂದು ಚಮಚ ಮೊಸರು. ಏನು ಇಡುತ್ತಿದ್ದೇನೆಂಬ ಯೋಚನೆಯಿಲ್ಲದೆ, ಬೇಗ ಮುಗಿಯಲಿ ಎಂಬ ಒಂದೇ ಆಸೆಯಿಂದ ಬಡಿಸಿದೆ. ಅತ್ತೆಯವರು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ಆ ತಾಟು ಹಾಗೇ ಇತ್ತು. ಎಲ್ಲರೂ ಎದ್ದ ಮೇಲೆ ಅದನ್ನು ಬೆನ್‌ನ ಮುಂದೆ ಸುರುವಿದೆ. ಏನು ಹಾಕಿದರೂ ನೆಕ್ಕಿಬಿಡುವ ನಾಯಿ ಮೂಸಿ ನೋಡಿ ಹಿಂದೆ ಸರಿದು ಕೂತಿತು. ಇನ್ನೊಬ್ಬರ ತಾಟಿಗೆ ಬಾಯಿ ಹಾಕಬಾರದೆಂದು ನಾನೇ ಕಲಿಸಿದ್ದೆ.

ಮರುದಿನ ಬೆಳಿಗ್ಗೆ ಎಲ್ಲ ಎಂದಿನಂತೆ. ನಮ್ಮವರು ಕೆಲಸಕ್ಕೆ, ಮಕ್ಕಳು ಶಾಲೆಗೆ. ಅತ್ತೆಯವರು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಸಣ್ಣ ಕಲ್ಲಿನಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದರು. ನಾನು ಹಿತ್ತಲಿನಲ್ಲಿ ಬಟ್ಟೆ ಒಗೆದೆ, ಹಪ್ಪಳ ಒಣಹಾಕಿದೆ. ನಡುವೆ ಕಿಟಕಿಯಿಂದ ಇಣುಕಿದಾಗ ಬೆನ್ ಗೇಟಿನ ಹತ್ತಿರ ಮಲಗಿತ್ತು. ಮಲಗಿದೆ ಎಂದರೆ ಅತ್ತೆಯವರು ಗೇಟು ದಾಟಿಲ್ಲ ಎಂದು ಲೆಕ್ಕ. ಕುಟ್ಟುವ ಸಪ್ಪಳ ನಿಂತದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ.

ಉಣ್ಣಲು ಕರೆಯಲು ಬಂದಾಗ ಕಟ್ಟೆ ಬರಿದಾಗಿತ್ತು. ಕುಟ್ಟಿದ ಎಲೆ ಕಲ್ಲಿನಲ್ಲೇ ಒಣಗಿತ್ತು. ಚಪ್ಪಲಿ ಇರಲಿಲ್ಲ, ಗೇಟಿನ ಕೊಂಡಿ ತೆಗೆದಿತ್ತು. ಬೆನ್ ಅಲ್ಲೇ, ಕಣ್ಣು ತೆರೆದುಕೊಂಡು, ರಸ್ತೆಯ ಕಡೆ ಮುಖ ಮಾಡಿ ಮಲಗಿತ್ತು. ಅವರು ಅದನ್ನು ದಾಟಿಯೇ ಹೋಗಿರಬೇಕು.

“ಹೋಗು, ಕರ್ಕೊಂಡು ಬಾ” ಅಂದೆ. ನನ್ನ ಬಾಯಿಂದ ಆ ಮಾತು ಬಿದ್ದರೆ ಅದು ಕಲ್ಲು ಮುಳ್ಳು ನೋಡುತ್ತಿರಲಿಲ್ಲ. ಎದ್ದಿತು. ಗೇಟಿನವರೆಗೆ ಹೋಯಿತು. ಹಳಿಯಾಳದ ದಿಕ್ಕಿಗೆ ಸ್ವಲ್ಪ ಹೊತ್ತು ನೋಡಿತು. ತಿರುಗಿ ಬಂದು ನನ್ನ ಕಾಲ ಹತ್ತಿರ ಮಲಗಿತು. ನಾನು ಕೂಗಿದೆ, ಬೇಡಿದೆ, ಕೊನೆಗೆ ಕೊರಳಪಟ್ಟಿ ಹಿಡಿದು ಎಳೆದೆ. ಅದು ಗುರುಗುಟ್ಟಲಿಲ್ಲ, ಹೆದರಲಿಲ್ಲ. ತನಗೆ ಸಂಬಂಧಪಡದ ಕೆಲಸವನ್ನು ಹೇಳುತ್ತಿದ್ದೇನೆ ಎಂಬಂತೆ ನನ್ನನ್ನು ನೋಡಿತು. ನನಗೆ ಹೆದರಿಕೆಯಾದದ್ದು ಆಗ, ಹಿಂದಿನ ಸಂಜೆಯಲ್ಲ.

ಆ ಮಧ್ಯಾಹ್ನ ಹೇಗೆ ಕಳೆಯಿತೋ. ನಾನು ಮೋರಿಕಟ್ಟೆಯ ಕೆಳಗಿಳಿದು ನೋಡಿದೆ. ಸುದ್ದಿ ತಿಳಿದು ಓಡಿಬಂದ ನಮ್ಮವರು ಕಾರ್ಖಾನೆಯ ನಾಲ್ಕು ಜನರೊಂದಿಗೆ ಹೊಳೆಯ ದಂಡೆ ಹಿಡಿದು ನಡೆದರು. ಯಾರೂ ‘ಹೊಳೆ’ ಎಂಬ ಮಾತು ನನ್ನ ಮುಂದೆ ಆಡಲಿಲ್ಲ, ಕೈಯಲ್ಲಿ ಮಾತ್ರ ಉದ್ದನೆಯ ಬಿದಿರು ಹಿಡಿದಿದ್ದರು. ಖಾದರಸಾಬರು ರಿಪೇರಿಗೆ ಬಂದಿದ್ದ ಲಾರಿಯನ್ನೇ ತೆಗೆದುಕೊಂಡು ಹಳಿಯಾಳಕ್ಕೆ ಹೋಗಿ, ಬಸ್ ನಿಲ್ಲುವಲ್ಲೆಲ್ಲ ಕೇಳಿ, ತಿರುಗಿ ಬಂದು ಊರಿನ ಆಚೆ ಬದಿಯ ಕುಳಗಿಯ ಕಾಡಿನ ರಸ್ತೆಯನ್ನೂ ನೋಡಿದರು. ಕಂಡವರಿಲ್ಲ. ಅವರ ಹೆಂಡತಿ ನನ್ನ ಮಕ್ಕಳಿಗೆ ಉಣ್ಣಿಸಿ ಮಲಗಿಸಿದರು. ನಮ್ಮವರು ಅವ್ವನ ಎಲೆಯ ಕಲ್ಲನ್ನು ತೊಳೆದು ಒಳಗೆ ತಂದಿಟ್ಟರು, ಅಷ್ಟೆ. ಬೆನ್ ಮಾತ್ರ ಹೊಸ್ತಿಲಲ್ಲಿ, ಎಲ್ಲ ಸರಿಯಿರುವ ಮನೆಯಲ್ಲಿ ಮಲಗಿದಂತೆ, ಗಾಢವಾಗಿ ನಿದ್ದೆ ಮಾಡಿತು. ನಾನು ಅದನ್ನು ಅಷ್ಟು ದ್ವೇಷಿಸಿದ್ದು ಅದೊಂದೇ ರಾತ್ರಿ.

ಮರುದಿನ ಬಿಸಿಲೇರಿದ ಮೇಲೆ ಗೇಟಿನ ಸಪ್ಪಳ. ಚಿಗಳ್ಳಿಯಿಂದ ಈರಪ್ಪ, ಅತ್ತೆಯವರ ಅಣ್ಣನ ಮಗ, ಧೂಳು ತುಂಬಿದ ಧೋತರದಲ್ಲಿ ನಿಂತಿದ್ದ. ಮುಖದಲ್ಲಿ ಸಿಟ್ಟಿತ್ತು.

“ಅತ್ತಿ ನಮ್ಮಲ್ಲಿ ಅದಾಳ. ಆದ್ರ ವೈನಿ, ಅಂಥಾಕಿನ್ನ ಒಬ್ಬಾಕಿನ್ನ ಯಾಕ ಕಳಿಸಿದ್ರಿ? ಇದನ್ನ ಕೇಳಾಕ ಬಂದೇನಿ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ಸ್ಥಿತಿ ನೋಡಿ ಅವನ ಸಿಟ್ಟು ಇಳಿಯಿತು. ಅವನು ಹೇಳಿದ್ದಿಷ್ಟು. ಹಿಂದಿನ ದಿನ ಸಂಜೆ ದನ ಊರೊಳಗೆ ಬರುವ ಹೊತ್ತಿಗೆ, ದನಗಳ ಹಿಂದೆ ಅತ್ತೆಯವರು ನಡೆದು ಬಂದರು. ಬಾಗಿಲ ಮುಂದೆ ನಿಂತರು. ಅವನ ಹೆಂಡತಿ ಕಾಲಿಗೆ ನೀರು ಕೊಡುವತನಕ ಮೆಟ್ಟಿಲು ಹತ್ತಲಿಲ್ಲ. ಯಾರ ಜೊತೆ ಬಂದಿ ಎಂದು ಕೇಳಿದರೆ “ನಿಮ್ಮಪ್ಪ ಕರಕೊಂಡ ಬಂದ” ಅಂದರಂತೆ. ದಣಿದಂತೆ ಕಾಣಲಿಲ್ಲ. ಎಲ್ಲರ ಹೆಸರು ಹಿಡಿದು ಮಾತಾಡಿಸಿದರು, ಅವನ ಕೊನೆಯ ಮಗುವಿನದೂ. ಆ ಮಗುವನ್ನು ಅವರು ಅದಕ್ಕೂ ಮೊದಲು ನೋಡಿರಲಿಲ್ಲ.

ದಾಂಡೇಲಿಯಿಂದ ಚಿಗಳ್ಳಿಗೆ ಹೋಗಬೇಕಾದರೆ ಬಸ್ಸು ಬದಲಿಸಬೇಕು, ಇಳಿದ ಮೇಲೂ ನಡೆಯಬೇಕು. ಮನೆಯ ಹಿತ್ತಲಿಗೂ ದಾರಿ ತಪ್ಪುತ್ತಿದ್ದವರು ಅವರು. ಯಾರೋ ಪುಣ್ಯಾತ್ಮ ಲಾರಿ ಡ್ರೈವರ್ ಕೂರಿಸಿಕೊಂಡು ಹೋಗಿರಬೇಕು ಎಂದು ನಮ್ಮವರು ಹೇಳಿದರು. ಹಾಗೇ ಇದ್ದೀತು. ಖಾದರಸಾಬರು ಗುರುತಿನ ಡ್ರೈವರುಗಳನ್ನೆಲ್ಲ ತಿಂಗಳುಗಟ್ಟಲೆ ಕೇಳಿದರು. ಕೂರಿಸಿಕೊಂಡವರು ಸಿಗಲಿಲ್ಲ. ಗುರುತಿಲ್ಲದ ಡ್ರೈವರುಗಳೂ ಲೋಕದಲ್ಲಿ ಬೇಕಾದಷ್ಟು ಇದ್ದಾರಲ್ಲ.

ಸ್ವಲ್ಪ ದಿನ ಬಿಟ್ಟು ಅತ್ತೆಯವರನ್ನು ಕರೆತಂದೆವು. ಹೊಸ ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು, ತವರಿನಿಂದ ಬಂದ ಹೆಣ್ಣಿನಂತೆಯೇ ಬಂದರು. ಬೆನ್ ಬಂದು ಅವರ ಪಾದ ಮೂಸಿತು, ಬಾಲ ಆಡಿಸಿತು. ಆದರೆ ಮತ್ತೆ ಒಂದು ಸಂಜೆಯೂ ಅವರನ್ನು ಕೂಡಿಸಲು ಹೋಗಲಿಲ್ಲ. ಅವರು ಹೊರಗಿನ ಕಟ್ಟೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ಕೂತಿದ್ದರೂ, ಮಕ್ಕಳನ್ನು, ನಮ್ಮವರನ್ನು, ನನ್ನನ್ನು ಒಳಗೆ ಸೇರಿಸಿ, ಮುಖ ನೋಡಿ, ನಾನು “ಸಾಕು” ಎಂದೊಡನೆ ಮಲಗಿಬಿಡುತ್ತಿತ್ತು. ಅವರು ಅದರ ಲೆಕ್ಕದಿಂದ ಹೋಗಿದ್ದರು. ಹೊತ್ತಾದ ಮೇಲೆ ನಾನೇ ಹೋಗಿ ಕೈಹಿಡಿದು ಒಳಗೆ ಕರೆತರುತ್ತಿದ್ದೆ. ಅವರೂ ಮತ್ತೆ ಮೋರಿಕಟ್ಟೆಗೆ ಹೋಗಲಿಲ್ಲ, ತವರಿನ ಮಾತು ತೆಗೆಯಲಿಲ್ಲ. “ನಾಳೆ ಹೋಗೂಣು” ಎನ್ನುವ ಸುಳ್ಳು ನನ್ನ ಬಾಯಿಗೆ ತಪ್ಪಿತು.

ಇನ್ನೆರಡು ಮಳೆಗಾಲ ಅವರು ಬದುಕಿದ್ದರು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದೆ. ಅವರ ಕಣ್ಣುಗಳು ತಿಳಿಯಾಗಿದ್ದವು. ಅಷ್ಟು ದಿನ ನುಂಗಿಕೊಂಡಿದ್ದ ಮಾತು ನನ್ನಿಂದ ಹೊರಬಿತ್ತು. ಅವತ್ತು ಚಿಗಳ್ಳಿಗೆ ಹೆಂಗ ಹೋದ್ರಿ ಅತ್ತಿ ಎಂದು ಕೇಳಿದೆ.

ಇದೆಂಥ ಪ್ರಶ್ನೆ ಎಂಬಂತೆ ನನ್ನ ಕಡೆ ತಿರುಗಿದರು. “ಅಣ್ಣ ಕರಿಯಾಕ ಬಂದಿದ್ದನಲ್ಲವಾ. ನೀನ ತಾಟ ಹಾಕಿ ಕಳಿಸಿದೆಲ್ಲ.”

ಬೆನ್ ಅವರಿಗಿಂತ ನಾಲ್ಕು ವರ್ಷ ಹೆಚ್ಚು ಬದುಕಿತು. ಕೊನೆಗೆ ಕಾಲು ಬಾರದಿದ್ದಾಗಲೂ ಸಂಜೆ ಹೊಸ್ತಿಲಲ್ಲಿ ಕೂತು ಕಣ್ಣಿನಲ್ಲೇ ನಮ್ಮನ್ನು ಒಳಗೆ ಸೇರಿಸುತ್ತಿತ್ತು. ಅದು ಹೋದ ಮೇಲೆ ನನಗೆ ಬೇಕೆಂದು ಬೇಡುತ್ತಿದ್ದ ವಿಶ್ರಾಂತಿ ಸಿಕ್ಕಿತು. ಆ ವಿಶ್ರಾಂತಿಯಲ್ಲಿ ಕೂತು ಈ ಸಂಗತಿಯನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಲಾರಿ ಡ್ರೈವರನನ್ನು ನಂಬಬಲ್ಲೆ. ಮುಂಗುಸಿಯನ್ನೂ ನಂಬಬಲ್ಲೆ. ಒಂದು ನಾಯಿಗೆ ಒಂದು ದಿನ ಬೇಸರ ಬಂದೀತು, ಅದನ್ನೂ ಒಪ್ಪುತ್ತೇನೆ. ಇನ್ನು ಆ ತಾಟು ಹಾಕಿದವಳು ನಾನೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಸಂಜೆ ಹೊಸ್ತಿಲಲ್ಲಿ ಹಿಟ್ಟಿನ ಕೈ ಇಟ್ಟುಕೊಂಡು ನಿಂತಿದ್ದ ನಾನು ಬಾಯಿ ಬಿಟ್ಟಿರಲಿಲ್ಲ. ಅದುವರೆಗೆ ಬೆನ್ ‘ಸಾಕು’ ಎಂಬ ಮಾತು ಕೇಳಿಸಿಕೊಳ್ಳದೆ ಒಂದು ಸಂಜೆಯೂ ಹೊಸ್ತಿಲಿಗೆ ಮಲಗಿದ ನಾಯಿಯಲ್ಲ.